ಲೋಗೋದಲ್ಲೇ ನಿಂತ ಲ್ಯಾಪ್‌ಟಾಪ್: ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿ ಸರಿಪಡಿಸುವ ವಿಧಾನ

ಪವರ್ ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನ್ ತಿರುಗುವ ಸದ್ದು ಕೇಳುತ್ತದೆ, ಪರದೆಯ ಮೇಲೆ ಕಂಪನಿಯ ಲೋಗೋ ಕೂಡ ಮೂಡುತ್ತದೆ. ಆಮೇಲೆ ಏನೂ ಇಲ್ಲ. ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ, ಇಲ್ಲವೇ ಪರದೆ ಕಪ್ಪಾಗುತ್ತದೆ, ಇಲ್ಲವೇ ನೀಲಿ ಪರದೆ ತೋರಿಸಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಈ ಸ್ಥಿತಿಯಲ್ಲಿ ಬಹಳ ಮಂದಿ ನೇರವಾಗಿ ಫಾರ್ಮ್ಯಾಟ್‌ಗೆ ಹೋಗುತ್ತಾರೆ. ಹೋಗಬೇಡಿ. ಒಂದು ಪೆನ್‌ಡ್ರೈವ್ ಕಿತ್ತರೆ, ಒಂದು ಅಪ್‌ಡೇಟ್ ತೆಗೆದರೆ, ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಮೊದಲಿದ್ದಂತೆ ಮಾಡಿದರೆ ಎದ್ದು ಕೂರುವ ಯಂತ್ರಗಳು ಎಷ್ಟೋ. ಇನ್ನು ಕೆಲವದರಲ್ಲಿ ಡಿಸ್ಕೇ ಸಾಯುತ್ತಿರುತ್ತದೆ; ಅಂಥದ್ದನ್ನು ಫಾರ್ಮ್ಯಾಟ್ ಮಾಡಿದರೆ ಫೈಲುಗಳೂ ಹೋಗುತ್ತವೆ, ರೋಗವೂ ಉಳಿಯುತ್ತದೆ. ಹಾಗಾಗಿ ಎಲ್ಲಿ ನಿಂತಿದೆ ಎಂದು ಮೊದಲು ಗುರುತಿಸಿ. ಡಿಸ್ಕ್ ಮೇಲೆ ಏನನ್ನಾದರೂ ಬರೆಯುವ ರಿಪೇರಿಗೆ ಕೈ ಹಾಕುವ ಮುನ್ನ ಫೈಲುಗಳನ್ನು ಹೊರಗೆ ತೆಗೆಯಿರಿ.

ಇಲ್ಲಿ ಹೇಳಿರುವುದರಲ್ಲಿ ಹೆಚ್ಚಿನದು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತದೆ. ಲಿನಕ್ಸ್ ಮತ್ತು ಮ್ಯಾಕ್ ವಿಷಯ ಕೊನೆಯ ಕಡೆಗಿದೆ.

ಎಲ್ಲಿ ನಿಂತಿದೆ?

ಬಟನ್ ಒತ್ತಿದೊಡನೆ ಕೆಲಸಕ್ಕೆ ಇಳಿಯುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡ್ ಮೇಲಿನ ಚಿಪ್‌ನಲ್ಲಿರುವ ಫರ್ಮ್‌ವೇರ್. ಅದರ ಈಗಿನ ರೂಪ ಯುಇಎಫ್‌ಐ. ಬಾಯಲ್ಲಿ ಮಾತ್ರ ಎಲ್ಲರಿಗೂ ಅದು ಇನ್ನೂ ಬಯೋಸೇ. ಅದು ಪ್ರೊಸೆಸರ್, ರ್‍ಯಾಮ್, ಡಿಸ್‌ಪ್ಲೇ, ಡಿಸ್ಕ್ ಎಲ್ಲವನ್ನೂ ಮುಟ್ಟಿ ನೋಡಿ ಲೋಗೋ ತೋರಿಸುತ್ತದೆ. ಬಳಿಕ ಡಿಸ್ಕ್‌ನ ಒಂದು ಸಣ್ಣ ಪಾರ್ಟಿಷನ್ನಿನಲ್ಲಿರುವ ಬೂಟ್ ಮ್ಯಾನೇಜರ್‌ಗೆ ಕೆಲಸ ಒಪ್ಪಿಸುತ್ತದೆ. ಫ್ಯಾಟ್32 ಮಾದರಿಯ ಈ ಪಾರ್ಟಿಷನ್ ಸಾಮಾನ್ಯವಾಗಿ 100 ಎಂಬಿಯಿಂದ ಕೆಲವು ನೂರು ಎಂಬಿಯಷ್ಟೇ ಇರುತ್ತದೆ. ಬೂಟ್ ಮ್ಯಾನೇಜರ್ ವಿಂಡೋಸ್‌ನ ತಿರುಳಾದ ಕರ್ನೆಲ್ಲನ್ನೂ ಹಾರ್ಡ್‌ವೇರ್ ನಡೆಸುವ ಅಗತ್ಯ ಡ್ರೈವರ್‌ಗಳನ್ನೂ ಮೆಮೊರಿಗೆ ತರಿಸುತ್ತದೆ. ಅದಾದ ಮೇಲೆ ಸರ್ವಿಸ್‌ಗಳು, ಲಾಗಿನ್ ಪರದೆ, ಕಡೆಗೆ ನಿಮ್ಮ ಡೆಸ್ಕ್‌ಟಾಪ್.

ಲೋಗೋ ಫರ್ಮ್‌ವೇರ್‌ನದು, ಅದರ ಕೆಳಗೆ ಸುತ್ತುವ ಚುಕ್ಕಿಗಳು ವಿಂಡೋಸ್‌ನವು. ಎರಡೂ ಒಂದೇ ಪರದೆಯಲ್ಲಿ ಕಾಣುವುದರಿಂದ ಈ ವ್ಯತ್ಯಾಸ ಗಮನಕ್ಕೆ ಬರುವುದೇ ಇಲ್ಲ. ಚುಕ್ಕಿ ಇಲ್ಲದೆ ಬರೀ ಲೋಗೋದಲ್ಲಿ ನಿಂತಿದ್ದರೆ ವಿಂಡೋಸ್ ಇನ್ನೂ ಶುರುವೇ ಆಗಿಲ್ಲ. ಹೊರಗೆ ಸಿಕ್ಕಿಸಿದ ಸಾಧನ, ಉತ್ತರ ಕೊಡದ ಡಿಸ್ಕ್, ರ್‍ಯಾಮ್ ಇವುಗಳ ಮೇಲೆ ಅನುಮಾನ ಇಡಿ. ಚುಕ್ಕಿಗಳು ಬಂದಿದ್ದರೆ ಡಿಸ್ಕ್‌ನಿಂದ ಒಂದಿಷ್ಟಾದರೂ ಓದಿ ಆಗಿದೆ ಎಂದರ್ಥ. ಡ್ರೈವರ್, ಅರ್ಧಕ್ಕೆ ನಿಂತ ಅಪ್‌ಡೇಟ್, ಹಾಳಾದ ಸಿಸ್ಟಮ್ ಫೈಲ್, ಇಲ್ಲವೇ ಅಲ್ಲಲ್ಲಿ ಕೆಟ್ಟ ಡಿಸ್ಕ್ ಕಾರಣವಾಗಿರುತ್ತದೆ. ಲಾಗಿನ್ ಆದ ಮೇಲೆ ಕಪ್ಪಾದರೆ ಡಿಸ್‌ಪ್ಲೇ ಡ್ರೈವರ್ ಅಥವಾ ಆ ಬಳಕೆದಾರರ ಪ್ರೊಫೈಲ್ ನೋಡಬೇಕು. ಲೋಗೋ ಸಹಿತ ಏನೂ ಬರದಿದ್ದರೆ ಅದು ಹಾರ್ಡ್‌ವೇರ್ ದಾರಿ.

ಪರದೆಯ ಮೇಲೆ ಏನು ಬರೆದಿದ್ದರೂ ಫೋನಿನಲ್ಲಿ ಫೋಟೋ ತೆಗೆದಿಡಿ. ನೀಲಿ ಪರದೆಯ (2025ರಿಂದ ಹೊಸ ವಿಂಡೋಸ್ 11ರಲ್ಲಿ ಇದು ಕಪ್ಪು) ಕೋಡ್ ಕೆಲವೇ ಸೆಕೆಂಡ್ ನಿಲ್ಲುತ್ತದೆ.

ಕಾಯುವುದೂ ಒಂದು ಹೆಜ್ಜೆ

ಅಪ್‌ಡೇಟ್ ನಡೆಯುತ್ತಿದೆ ಎಂದು ಶೇಕಡಾವಾರು ತೋರಿಸುತ್ತಿದ್ದರೆ ಆಫ್ ಮಾಡಬೇಡಿ. ಅದೇ ಅಂಕಿಯಲ್ಲಿ 20 ನಿಮಿಷ ನಿಂತಿರುವುದು ಸಹಜ. ಎಸ್‌ಎಸ್‌ಡಿ ಇದ್ದರೆ ಒಂದು ಗಂಟೆ, ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಎರಡು ಮೂರು ಗಂಟೆ ಬಿಡಿ. ಚಾರ್ಜರ್ ಸಿಕ್ಕಿಸಿಯೇ ಇರಲಿ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ: ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಪೂರ್ತಿ ಹೆಪ್ಪುಗಟ್ಟಿಲ್ಲ. ಡಿಸ್ಕ್‌ನ ದೀಪ ಮಿಣುಕುತ್ತಿದ್ದರೂ ಅಷ್ಟೇ, ಒಳಗೆ ಕೆಲಸ ಸಾಗಿದೆ. ಡಿಸ್ಕ್ ಪರಿಶೀಲನೆ ತಾನಾಗಿಯೇ ಶುರುವಾಗಿದ್ದರೆ ದೊಡ್ಡ ಹಾರ್ಡ್‌ಡಿಸ್ಕ್‌ಗೆ ಇಡೀ ರಾತ್ರಿ ಹಿಡಿಯಬಹುದು.

ಅಷ್ಟಾದರೂ ಅಲುಗದಿದ್ದರೆ ಪವರ್ ಬಟನ್ ಅನ್ನು 10ರಿಂದ 15 ಸೆಕೆಂಡ್ ಬಿಡದೆ ಒತ್ತಿ ಆಫ್ ಮಾಡಿ.

ಹೊರಗಿನದೆಲ್ಲ ತೆಗೆದು, ಉಳಿದ ವಿದ್ಯುತ್ ಬಸಿದು ನೋಡುವುದು

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹೊರ ಹಾರ್ಡ್‌ಡಿಸ್ಕ್, ಡಾಕ್, ಪ್ರಿಂಟರ್, ವೈರ್‌ಲೆಸ್ ಮೌಸ್‌ನ ಪುಟ್ಟ ರಿಸೀವರ್ ಎಲ್ಲವನ್ನೂ ಕಿತ್ತುಬಿಡಿ. ಫರ್ಮ್‌ವೇರ್ ಪ್ರತಿ ಯುಎಸ್‌ಬಿ ಸಾಧನವನ್ನೂ ಮಾತಾಡಿಸಿ ಉತ್ತರಕ್ಕೆ ಕಾಯುತ್ತದೆ. ಕೆಟ್ಟ ಸಾಧನ ಉತ್ತರ ಕೊಡುವುದಿಲ್ಲ, ಫರ್ಮ್‌ವೇರ್ ಮುಂದೆ ಹೋಗುವುದಿಲ್ಲ. ಮರೆತುಹೋದ ಮೆಮೊರಿ ಕಾರ್ಡ್ ಒಂದರಿಂದಲೇ ಲೋಗೋದಲ್ಲಿ ನಿಲ್ಲುವುದುಂಟು.

ಆಮೇಲೆ ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಇಳಿದು, ಕೀಬೋರ್ಡ್, ಫ್ಯಾನ್, ಚಾರ್ಜಿಂಗ್ ನೋಡಿಕೊಳ್ಳುವ ಕಂಟ್ರೋಲರ್ ಹೊಸದಾಗಿ ಶುರುವಾಗುತ್ತದೆ. ಬ್ಯಾಟರಿ ಒಳಗೇ ಇರುವ ಯಂತ್ರಗಳಲ್ಲೂ ಚಾರ್ಜರ್ ಕಿತ್ತು ಹೀಗೇ ಮಾಡಿ. ಕೆಲವು ಥಿಂಕ್‌ಪ್ಯಾಡ್‌ಗಳ ಅಡಿಯಲ್ಲಿ ಇದಕ್ಕೆಂದೇ ಸೂಜಿತೂತು ಇರುತ್ತದೆ, ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಸಾಕು. ನಂತರ ಚಾರ್ಜರ್ ಒಂದನ್ನೇ ಸಿಕ್ಕಿಸಿ ಆನ್ ಮಾಡಿ.

ಈ ಹಂತದಲ್ಲಿ ಲ್ಯಾಪ್‌ಟಾಪ್‌ನ ತಳ ಉಬ್ಬಿದೆಯೇ, ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದೆಯೇ ನೋಡಿ. ಹಾಗಿದ್ದರೆ ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬ್ಯಾಟರಿ ಬದಲಾಗುವ ತನಕ ಉಳಿದ ಯಾವ ಪರೀಕ್ಷೆಯೂ ಬೇಡ.

ಪರದೆ ಪೂರ್ತಿ ಕಪ್ಪಾಗಿದ್ದರೆ

ಕಪ್ಪು ಪರದೆ ಎಂದರೆ ಯಂತ್ರ ಬೂಟ್ ಆಗಿಲ್ಲ ಎಂದೇ ಅಲ್ಲ. ಕತ್ತಲಲ್ಲಿ ಟಾರ್ಚ್ ಬೆಳಕನ್ನು ಪರದೆಗೆ ಓರೆಯಾಗಿ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರುವುದು ಬ್ಯಾಕ್‌ಲೈಟ್ ಮಾತ್ರ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿ ಅಥವಾ ಮಾನಿಟರ್‌ಗೆ ಜೋಡಿಸಿ. ಅಲ್ಲಿ ಎಲ್ಲ ಸರಿಯಾಗಿ ಕಂಡರೆ ತೊಂದರೆ ಪರದೆ ಅಥವಾ ಅದರ ಕೇಬಲ್‌ನದು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿದರೆ ಡಿಸ್‌ಪ್ಲೇ ಡ್ರೈವರ್ ಮತ್ತೆ ಶುರುವಾಗುತ್ತದೆ. ಬೀಪ್ ಸದ್ದು ಬಂದರೆ ವಿಂಡೋಸ್ ಜೀವಂತವಾಗಿದೆ ಎಂದು ತಿಳಿಯಿರಿ.

ಹೊರ ಮಾನಿಟರ್‌ನಲ್ಲೂ ಏನೂ ಇಲ್ಲದಿದ್ದರೆ ದೀಪಗಳನ್ನು ಎಣಿಸಿ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ಅಥವಾ ಪವರ್ ದೀಪ, ಡೆಲ್‌ನಲ್ಲಿ ಬ್ಯಾಟರಿ ದೀಪ ಒಂದು ಲಯದಲ್ಲಿ ಮಿನುಗುತ್ತದೆ: ಇಷ್ಟು ಸಲ ಒಂದು ಬಣ್ಣ, ಇಷ್ಟು ಸಲ ಇನ್ನೊಂದು, ಸ್ವಲ್ಪ ಬಿಡುವು, ಮತ್ತೆ ಅದೇ. ಈ ಎಣಿಕೆಯೇ ದೋಷದ ಕೋಡ್. ಮಾದರಿಯಿಂದ ಮಾದರಿಗೆ ಅರ್ಥ ಬದಲಾಗುತ್ತದೆ, ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಿ.

ಸಾಮಾನ್ಯವಾಗಿ ಸಿಗುವ ಕಾರಣ ರ್‍ಯಾಮ್. ಕಳಚಬಹುದಾದ ರ್‍ಯಾಮ್ ಆಗಿದ್ದರೆ ಚಾರ್ಜರ್ ಕಿತ್ತು, ತಳದ ಮುಚ್ಚಳ ತೆಗೆದು, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಎರಡು ಬದಿಯ ಕ್ಲಿಪ್ ಸರಿಸಿದರೆ ರ್‍ಯಾಮ್ ಪಟ್ಟಿ ಓರೆಯಾಗಿ ಮೇಲೇಳುತ್ತದೆ. ಬಂಗಾರದ ಬಣ್ಣದ ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನಾರು ಬಿಡದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಓರೆಯಾಗಿ ಪೂರ್ತಿ ಒಳಕ್ಕೆ ತಳ್ಳಿ ಕೆಳಕ್ಕೆ ಒತ್ತಿ. ಕ್ಲಿಪ್ ‘ಟಕ್’ ಎನ್ನಬೇಕು. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿ. ಡಿಡಿಆರ್5 ರ್‍ಯಾಮ್ ಬದಲಾಯಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಮೆಮೊರಿಯ ವೇಗ ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆ ಇರಬಹುದು. ಆಗ ಗಾಬರಿಯಿಂದ ಆಫ್ ಮಾಡಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಬಯೋಸ್ ಒಳಗೆ ನೋಡಬೇಕಾದ ಮೂರು ಸಂಗತಿ

ಆನ್ ಮಾಡಿದ ತಕ್ಷಣ ಕೀಲಿಯನ್ನು ಒಂದೇ ಸಮನೆ ತಟ್ಟುತ್ತಿರಿ. ಡೆಲ್, ಏಸರ್, ಆಸುಸ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್2, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಯಾವುದರಿಂದ ಬೂಟ್ ಆಗಬೇಕೆಂದು ಆರಿಸುವ ಮೆನು ಡೆಲ್, ಲೆನೊವೊ, ಏಸರ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಮೆನುವನ್ನು ಮೊದಲು ಬಯೋಸ್‌ನಲ್ಲಿ ಎನೇಬಲ್ ಮಾಡಬೇಕಾಗುತ್ತದೆ.

ಒಳಗೆ ಹೋದ ಮೇಲೆ ಮೊದಲು ನೋಡಬೇಕಾದ್ದು ಡಿಸ್ಕ್‌ನ ಹೆಸರು ಕಾಣುತ್ತಿದೆಯೇ ಎಂದು. ಕಾಣದಿದ್ದರೆ ಸಾಫ್ಟ್‌ವೇರ್ ರಿಪೇರಿಯ ಮಾತೇ ಇಲ್ಲ. ಎಸ್‌ಎಸ್‌ಡಿಯನ್ನು ಕಳಚಿ ಮತ್ತೆ ಕೂರಿಸಿ. ಅದರ ಒಂದೇ ಒಂದು ಸ್ಕ್ರೂ ಸಡಿಲವಾದರೂ ಇನ್ನೊಂದು ತುದಿ ಸ್ಲಾಟ್‌ನಿಂದ ಏಳುತ್ತದೆ. ಆಗಲೂ ಕಾಣದಿದ್ದರೆ ಡಿಸ್ಕ್ ಹೋಗಿದೆ, ಇಲ್ಲವೇ ಸ್ಲಾಟ್.

ಎರಡನೆಯದು ದಿನಾಂಕ. ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತಿದ್ದರೆ ಬಯೋಸ್ ಸೆಟ್ಟಿಂಗ್ ಕಾಯುವ ನಾಣ್ಯದ ಆಕಾರದ ಬ್ಯಾಟರಿ, ಅಂದರೆ ಹೆಚ್ಚಾಗಿ ಸಿಆರ್2032, ಮುಗಿದಿದೆ. ದಿನಾಂಕದ ಜೊತೆಗೆ ಉಳಿದ ಸೆಟ್ಟಿಂಗ್‌ಗಳೂ ಕಾರ್ಖಾನೆಯ ಸ್ಥಿತಿಗೆ ಮರಳಿರಬಹುದು. ಹಾಗಾಗಿದ್ದರೆ ನಿಜವಾದ ತೊಂದರೆ ಅಲ್ಲೇ ಇರುತ್ತದೆ.

ಮೂರನೆಯದು ಸ್ಟೋರೇಜ್ ಮೋಡ್, ಅಂದರೆ ಯಂತ್ರ ಡಿಸ್ಕ್ ಜೊತೆ ಮಾತಾಡುವ ರೀತಿ: ಎಎಚ್‌ಸಿಐ, ರೇಡ್ ಅಥವಾ ಇಂಟೆಲ್ ವಿಎಂಡಿ. ವಿಂಡೋಸ್ ಇನ್‌ಸ್ಟಾಲ್ ಆದಾಗ ಇದ್ದ ಮೋಡ್ ಬದಲಾದರೆ ಡಿಸ್ಕ್ ಓದುವ ಡ್ರೈವರೇ ಸಿಗದೆ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ, ಅಂದರೆ 0ಎಕ್ಸ್7ಬಿ, ಬರುತ್ತದೆ. ಬಯೋಸ್ ಅಪ್‌ಡೇಟ್ ಆದ ಮೇಲೆ ಅಥವಾ ಡೀಫಾಲ್ಟ್ ಲೋಡ್ ಮಾಡಿದ ಮೇಲೆ ಈ ಕೋಡ್ ಕಂಡರೆ ಮೊದಲು ಈ ಮೋಡ್ ಅನ್ನು ಹಿಂದಿನದಕ್ಕೆ ಬದಲಿಸಿ ನೋಡಿ. ಹಾಗೆಯೇ ಯುಇಎಫ್‌ಐ ಮೋಡ್‌ನಲ್ಲಿ ಇನ್‌ಸ್ಟಾಲ್ ಆದ ವಿಂಡೋಸ್ ಲೆಗಸಿ, ಅಂದರೆ ಹಳೆಯ ಬಯೋಸ್ ಮೋಡ್‌ನಲ್ಲಿ ಏಳುವುದಿಲ್ಲ. ‘ಬೂಟ್ ಮಾಡುವ ಸಾಧನವಿಲ್ಲ’ ಎನ್ನುತ್ತದೆ.

ಬಿಟ್‌ಲಾಕರ್ ಕೀ ಕೈಯಲ್ಲಿರಲಿ

ಬಯೋಸ್‌ನಲ್ಲಿ ಬದಲಾವಣೆ ಮಾಡಿದ ಮೇಲೆ ನೀಲಿ ಪರದೆಯಲ್ಲಿ 48 ಅಂಕಿಯ ರಿಕವರಿ ಕೀ ಕೇಳಿದರೆ ಅದು ವೈರಸ್ ಅಲ್ಲ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ವಿಂಡೋಸ್‌ನ ಬಿಟ್‌ಲಾಕರ್ ಡಿಸ್ಕ್ ಅನ್ನು ತಾನಾಗಿಯೇ ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕುತ್ತದೆ; ಬಳಸುವವರಿಗೆ ಗೊತ್ತೂ ಆಗುವುದಿಲ್ಲ. ಫೋನಿನ ಬ್ರೌಸರ್‌ನಲ್ಲಿ ಅದೇ ಖಾತೆಗೆ ಲಾಗಿನ್ ಆಗಿ ‘ಡಿವೈಸಸ್’ ವಿಭಾಗದಲ್ಲಿ ಕೀ ಹುಡುಕಿ. ಹಲವು ಕೀಗಳಿದ್ದರೆ ಲ್ಯಾಪ್‌ಟಾಪ್‌ನ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರ ಹೊಂದುವುದೇ ನಿಮ್ಮದು. ಕಚೇರಿಯ ಯಂತ್ರವಾದರೆ ಕೀ ಐಟಿ ವಿಭಾಗದವರ ಬಳಿ ಇರುತ್ತದೆ. ಕೀ ಎಲ್ಲೂ ಸಿಗದಿದ್ದರೆ ಆ ಡಿಸ್ಕ್‌ನ ಫೈಲುಗಳನ್ನು ಯಾರೂ ತೆರೆಯಲಾರರು. ತೆರೆದುಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಪರಿಹಾರ ಸರಳವಾಗಿತ್ತು: ಅಗತ್ಯ ಡ್ರೈವರ್‌ಗಳಷ್ಟರಿಂದಲೇ ವಿಂಡೋಸ್ ತೆರೆಯುವ ಸೇಫ್ ಮೋಡ್‌ಗೆ ಹೋಗಿ ಡ್ರೈವರ್ ಫೋಲ್ಡರ್‌ನಿಂದ ಒಂದು ಫೈಲ್ ಅಳಿಸುವುದು. ಆದರೆ ಅಲ್ಲಿಗೆ ತಲುಪಲು ಎನ್‌ಕ್ರಿಪ್ಟ್ ಆಗಿದ್ದ ಪ್ರತಿ ಯಂತ್ರಕ್ಕೂ ಬಿಟ್‌ಲಾಕರ್ ಕೀ ಬೇಕಾಯಿತು, ಸಮಯ ಹೋದದ್ದು ಅಲ್ಲೇ. ನಿಮ್ಮ ಒಂದೇ ಯಂತ್ರಕ್ಕೂ ಈ ಮಾತು ಹೊಂದುತ್ತದೆ: ಮುಂದಿನ ಹೆಜ್ಜೆಗಳಿಗೆ ಮೊದಲು ಕೀ ಬರೆದಿಟ್ಟುಕೊಳ್ಳಿ.

ರಿಕವರಿ ಪರದೆಗೆ ಹೋಗುವುದು

ವಿಂಡೋಸ್ ಸತತವಾಗಿ ಎರಡು ಮೂರು ಸಲ ಬೂಟ್ ಆಗಲು ಸೋತರೆ ತಾನೇ ರಿಕವರಿ ಪರದೆ ತೆರೆಯುತ್ತದೆ. ತೆರೆಯದಿದ್ದರೆ ನೀವೇ ಸೋಲಿಸಿ: ಆನ್ ಮಾಡಿ, ಚುಕ್ಕಿಗಳು ಕಾಣಿಸಿದ ಕೂಡಲೇ ಪವರ್ ಬಟನ್ 10 ಸೆಕೆಂಡ್ ಒತ್ತಿ ಆಫ್ ಮಾಡಿ, ಹೀಗೆ ಮೂರು ಸಲ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಈ ವಿಧಾನ ಬೇಡ. ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲರ್ ತಯಾರಿಸಿ, ಅದರಿಂದ ಬೂಟ್ ಮಾಡಿ, ‘ರಿಪೇರ್ ಯುವರ್ ಕಂಪ್ಯೂಟರ್’ ಒತ್ತಿದರೂ ಇದೇ ಪರದೆ ಸಿಗುತ್ತದೆ. ಆ ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದನ್ನೇ ಬಳಸಿ.

‘ಟ್ರಬಲ್‌ಶೂಟ್’, ಆಮೇಲೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’. ಇಲ್ಲಿ ಯಾವುದನ್ನು ಯಾವಾಗ ಎಂಬುದು ಮುಖ್ಯ.

ತೊಂದರೆ ಅಪ್‌ಡೇಟ್ ಬೆನ್ನಿಗೇ ಶುರುವಾಗಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ತಿಂಗಳ ಅಪ್‌ಡೇಟ್ ಆಗಿದ್ದರೆ ಅದರಲ್ಲಿ ‘ಕ್ವಾಲಿಟಿ’, ಆವೃತ್ತಿಯೇ ಬದಲಾಗಿದ್ದರೆ ‘ಫೀಚರ್’ ಆರಿಸಿ. ಹೊಸ ಡ್ರೈವರ್ ಅಥವಾ ಪ್ರೋಗ್ರಾಂ ಹಾಕಿದ ಮೇಲೆ ಶುರುವಾಗಿದ್ದರೆ ‘ಸಿಸ್ಟಮ್ ರಿಸ್ಟೋರ್’. ಅದು ನಿಮ್ಮ ದಾಖಲೆ, ಫೋಟೋಗಳನ್ನು ಮುಟ್ಟುವುದಿಲ್ಲ, ಆ ದಿನಾಂಕದ ನಂತರ ಹಾಕಿದ ಪ್ರೋಗ್ರಾಂ ಮತ್ತು ಡ್ರೈವರ್‌ಗಳನ್ನು ಮಾತ್ರ ತೆಗೆಯುತ್ತದೆ. ಕಾರಣ ಏನೂ ತೋಚದಿದ್ದರೆ ‘ಸ್ಟಾರ್ಟಪ್ ರಿಪೇರ್’ ಒಂದು ಸಲ ಓಡಿಸಿ. ಅದು ಕೈಚೆಲ್ಲಿದರೂ ವ್ಯರ್ಥವಲ್ಲ: ವಿಂಡೋಸ್ ಫೋಲ್ಡರ್, ಸಿಸ್ಟಮ್32, ಲಾಗ್‌ಫೈಲ್ಸ್, ಎಸ್‌ಆರ್‌ಟಿ ಹೀಗೆ ಒಳಗೊಳಗೆ ಹೋದರೆ ‘ಎಸ್‌ಆರ್‌ಟಿಟ್ರೇಲ್’ ಎಂಬ ಪಠ್ಯ ಫೈಲ್ ಸಿಗುತ್ತದೆ. ಅದರ ಕೊನೆಯ ಭಾಗದಲ್ಲಿ ‘ರೂಟ್ ಕಾಸ್’ ಎಂದು, ಯಾವ ಫೈಲ್ ಕೆಟ್ಟಿದೆ ಎಂಬ ಸುಳಿವಿರುತ್ತದೆ. ಒಂದು ಡ್ರೈವರ್‌ನ ಹೆಸರನ್ನೇ ಅದು ಕೊಟ್ಟರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಒತ್ತಿ ರಿಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್ನೆಟ್ ಸಹಿತ ಸೇಫ್ ಮೋಡ್. ಪಿನ್ ಅಲ್ಲಿ ಕೆಲವೊಮ್ಮೆ ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡ್ ನೆನಪಿರಲಿ. ಸೇಫ್ ಮೋಡ್ ಸರಾಗವಾಗಿ ತೆರೆದರೆ ಅದು ದೊಡ್ಡ ಸುದ್ದಿ: ಡಿಸ್ಕ್, ರ್‍ಯಾಮ್, ವಿಂಡೋಸ್‌ನ ತಿರುಳು ಬಹುಮಟ್ಟಿಗೆ ಸರಿಯಿವೆ, ಕಾಟ ಕೊಡುತ್ತಿರುವುದು ಮೇಲೆ ಹಾಕಿದ ಯಾವುದೋ ಡ್ರೈವರ್ ಅಥವಾ ಪ್ರೋಗ್ರಾಂ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್ನು ‘ರೋಲ್ ಬ್ಯಾಕ್’ ಮಾಡಿ ಅಥವಾ ಅನ್‌ಇನ್‌ಸ್ಟಾಲ್ ಮಾಡಿ, ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ತೆಗೆಯಿರಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ಪ್ರೋಗ್ರಾಂಗಳನ್ನು ನಿಲ್ಲಿಸಿ. ಸಿ ಡ್ರೈವ್ ಭರ್ತಿಯಾಗಿದೆಯೇ ಎಂಬುದನ್ನೂ ನೋಡಿ. ಜಾಗವೇ ಇಲ್ಲದ ಡ್ರೈವ್‌ನಲ್ಲಿ ಅಪ್‌ಡೇಟ್ ಮುಗಿಯುವುದಿಲ್ಲ, ಲಾಗಿನ್ ಕೂಡ ಒದ್ದಾಡುತ್ತದೆ. 20 ಜಿಬಿಯಾದರೂ ಬಿಡಿಸಿ.

ಕಮಾಂಡ್‌ಗೆ ಮೊದಲು ಫೈಲುಗಳು

ಸೇಫ್ ಮೋಡ್ ಕೂಡ ತೆರೆಯದಿದ್ದರೆ ಕಮಾಂಡ್ ಪ್ರಾಂಪ್ಟ್‌ಗೆ ಹೋಗಬೇಕು. ಅಲ್ಲಿ ಮೊದಲ ಕೆಲಸ ರಿಪೇರಿ ಅಲ್ಲ, ನಕಲು. ಹೊರ ಡಿಸ್ಕ್ ಸಿಕ್ಕಿಸಿ, ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್ ಮೆನುವಿನ ‘ಓಪನ್’ ತೆರೆದು, ಕೆಳಗೆ ‘ಆಲ್ ಫೈಲ್ಸ್’ ಆರಿಸಿದರೆ ಎಲ್ಲ ಡ್ರೈವ್‌ಗಳೂ ಕಾಣುತ್ತವೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಹೊರ ಡಿಸ್ಕ್‌ನಲ್ಲಿ ಪೇಸ್ಟ್. ಎಷ್ಟು ಆಯಿತೆಂದು ತೋರಿಸುವುದಿಲ್ಲ, ಕಿಟಕಿ ಹ್ಯಾಂಗ್ ಆದಂತೆ ಕಾಣುತ್ತದೆ. ಡಿಸ್ಕ್‌ನ ದೀಪ ನೋಡುತ್ತ ಕಾಯಿರಿ.

ಫೈಲುಗಳು ಬಹಳ ಇದ್ದರೆ ರೋಬೋಕಾಪಿ ಕಮಾಂಡ್ ಉತ್ತಮ. ಅದಕ್ಕೆ ಮೂಲ ಫೋಲ್ಡರ್, ತಲುಪುವ ಫೋಲ್ಡರ್ ಕೊಟ್ಟು, ಮುಂದೆ ಓರೆಗೆರೆಯೊಂದಿಗೆ /ಇ, /ಆರ್:1, /ಡಬ್ಲ್ಯೂ:1, /ಎಕ್ಸ್‌ಜೆ ಸೇರಿಸಿ. ಈ ನಾಲ್ಕರಲ್ಲಿ ಯಾವುದನ್ನೂ ಬಿಡಬೇಡಿ. ಓದಲಾಗದ ಫೈಲ್ ಸಿಕ್ಕಾಗ ರೋಬೋಕಾಪಿ ತಾನಾಗಿ 10 ಲಕ್ಷ ಸಲ, 30 ಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತದೆ. ಕೆಟ್ಟ ಡಿಸ್ಕ್‌ನಲ್ಲಿ ಅಲ್ಲೇ ನಿಂತುಬಿಡುತ್ತದೆ. ಆರ್ ಮತ್ತು ಡಬ್ಲ್ಯೂ ಅದನ್ನು ಒಂದು ಸಲಕ್ಕೆ, ಒಂದು ಸೆಕೆಂಡಿಗೆ ಇಳಿಸುತ್ತವೆ. ಎಕ್ಸ್‌ಜೆ ಇಲ್ಲದಿದ್ದರೆ ತನ್ನೊಳಗೇ ತಿರುಗಿ ಬರುವ ಜಂಕ್ಷನ್ ಫೋಲ್ಡರ್‌ಗಳಲ್ಲಿ ಸುತ್ತುತ್ತಲೇ ಇರುತ್ತದೆ.

ರಿಕವರಿ ಪರದೆಯಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು ಎಂಬುದನ್ನು ಮರೆಯಬೇಡಿ. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಅಥವಾ ಇ ಆಗಿರಬಹುದು. ವಿಂಡೋಸ್, ಯೂಸರ್ಸ್ ಫೋಲ್ಡರ್‌ಗಳು ಎಲ್ಲಿ ಕಾಣುತ್ತವೆಯೋ ಅದೇ ನಿಜವಾದದ್ದು.

ಡಿಸ್ಕ್ ಆರೋಗ್ಯವಾಗಿದ್ದರೆ ಓಡಿಸಬಹುದಾದ ಕಮಾಂಡ್‌ಗಳು

ನಕಲು ಸರಾಗವಾಗಿ ಮುಗಿದರೆ ಡಿಸ್ಕ್ ಸುಮಾರಾಗಿ ಸರಿಯಿದೆ. ಮೊದಲು ಚೆಕ್‌ಡಿಸ್ಕ್, ಟೈಪ್ ಮಾಡುವಾಗ ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರೇ ಅಕ್ಷರ, ಮುಂದೆ ಡ್ರೈವ್ ಅಕ್ಷರ ಮತ್ತು /ಎಫ್. ಇದು ಫೈಲ್ ಸಿಸ್ಟಮ್‌ನ ಗೊಂದಲ ಬಿಡಿಸುತ್ತದೆ. ‘ಅನ್‌ಮೌಂಟಬಲ್ ಬೂಟ್ ವಾಲ್ಯೂಮ್’ ಎಂಬ ನೀಲಿ ಪರದೆಗೆ ಬಹಳ ಸಲ ಇಷ್ಟೇ ಔಷಧಿ. ಪ್ರತಿ ಸೆಕ್ಟರ್ ಓದುವ /ಆರ್ ಆಯ್ಕೆಯನ್ನು ಸಂಶಯವಿರುವ ಡಿಸ್ಕ್ ಮೇಲೆ ಓಡಿಸಬೇಡಿ. ಗಂಟೆಗಟ್ಟಲೆ ಓದಿಸಿ ಓದಿಸಿ, ಉಸಿರಾಡುತ್ತಿದ್ದ ಡಿಸ್ಕ್ ಅನ್ನು ಅದೇ ಮುಗಿಸಬಹುದು.

ಸಿಸ್ಟಮ್ ಫೈಲ್‌ಗಳಿಗೆ ಎಸ್‌ಎಫ್‌ಸಿ /ಸ್ಕ್ಯಾನ್‌ನೌ. ರಿಕವರಿ ಪರದೆಯಲ್ಲಿ ಇದನ್ನು ಬರಿದಾಗಿ ಓಡಿಸಿದರೆ ನಿಮ್ಮ ವಿಂಡೋಸ್ ಬದಲು ರಿಕವರಿ ಪರಿಸರವನ್ನೇ ನೋಡಲು ಹೊರಡುತ್ತದೆ. ಜೊತೆಗೆ /ಆಫ್‌ಬೂಟ್‌ಡಿರ್ ಮತ್ತು /ಆಫ್‌ವಿನ್‌ಡಿರ್ ಎಂಬ ಎರಡು ಆಯ್ಕೆಗಳಲ್ಲಿ ನಿಮ್ಮ ಡ್ರೈವ್ ಮತ್ತು ವಿಂಡೋಸ್ ಫೋಲ್ಡರ್ ಎಲ್ಲಿದೆ ಎಂದು ಹೇಳಲೇಬೇಕು.

ಅಪ್‌ಡೇಟ್ ಅರ್ಧಕ್ಕೆ ನಿಂತು, ಪ್ರತಿ ಸಲವೂ ‘ಬದಲಾವಣೆಗಳನ್ನು ಹಿಂದೆಗೆಯಲಾಗುತ್ತಿದೆ’ ಎಂದು ಸುತ್ತುತ್ತಿದ್ದರೆ ಡಿಸ್ಮ್ ಕಮಾಂಡ್‌ಗೆ /ಇಮೇಜ್: ಎಂದು ಡ್ರೈವ್ ಕೊಟ್ಟು, /ಕ್ಲೀನಪ್-ಇಮೇಜ್ /ರಿವರ್ಟ್‌ಪೆಂಡಿಂಗ್‌ಆ್ಯಕ್ಷನ್ಸ್ ಸೇರಿಸಿ. ಬೂಟ್ ಆಗದ ಯಂತ್ರಕ್ಕೆಂದೇ ಇರುವ ಆಯ್ಕೆ ಇದು.

ಕೋಡ್ 0ಎಕ್ಸ್‌ಸಿ000000ಎಫ್ ಅಥವಾ 0ಎಕ್ಸ್‌ಸಿ0000225 ಬಂದಿದ್ದರೆ ಬೂಟ್ ಮಾಹಿತಿಯ ಫೈಲ್ ಹಾಳಾಗಿರುವ ಸಂಭವ ಹೆಚ್ಚು. ಡಿಸ್ಕ್‌ಪಾರ್ಟ್ ತೆರೆದು ‘ಲಿಸ್ಟ್ ವಾಲ್ಯೂಮ್’ ಕೊಡಿ. ಅದೇ ಡಿಸ್ಕ್‌ನ ಸಣ್ಣ ಫ್ಯಾಟ್32 ವಾಲ್ಯೂಮ್‌ನ ಸಂಖ್ಯೆ ಗುರುತಿಸಿ, ‘ಸೆಲೆಕ್ಟ್ ವಾಲ್ಯೂಮ್’ ಜೊತೆ ಆ ಸಂಖ್ಯೆ, ‘ಅಸೈನ್ ಲೆಟರ್=ಎಸ್’, ಆಮೇಲೆ ‘ಎಕ್ಸಿಟ್’. ಈಗ ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ ಎಂದು ಕೊಟ್ಟರೆ ಬೂಟ್ ಫೈಲುಗಳು ಹೊಸದಾಗಿ ಬರೆಯಲ್ಪಡುತ್ತವೆ. ಪೆನ್‌ಡ್ರೈವ್ ಕೂಡ ಫ್ಯಾಟ್32 ಆಗಿರಬಹುದು, ಗಾತ್ರ ನೋಡಿ ಆರಿಸಿ. ಹಳೆಯ ಸಲಹೆಗಳಲ್ಲಿ ಸಿಗುವ ಬೂಟ್‌ರೆಕ್ /ಫಿಕ್ಸ್‌ಬೂಟ್ ಯುಇಎಫ್‌ಐ ಯಂತ್ರಗಳಲ್ಲಿ ಬಹಳ ಸಲ ‘ಆ್ಯಕ್ಸೆಸ್ ಡಿನೈಡ್’ ಎನ್ನುತ್ತದೆ. ಅದರ ಹಿಂದೆ ಬೀಳದೆ ಬಿಸಿಡಿಬೂಟ್ ಬಳಸಿ.

ಹಳೆಯ ಇನ್ನೊಂದು ಸಲಹೆಯಿಂದ ಹಾನಿಯೇ ಆಗುತ್ತದೆ: ರೆಗ್‌ಬ್ಯಾಕ್ ಫೋಲ್ಡರ್‌ನಿಂದ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕಡತ) ಫೈಲುಗಳನ್ನು ನಕಲಿಸುವುದು. ವಿಂಡೋಸ್ 10ರ 1803ನೇ ಆವೃತ್ತಿಯಿಂದ ಆ ಫೋಲ್ಡರ್‌ಗೆ ತಾನಾಗಿ ಬ್ಯಾಕಪ್ ಹೋಗುವುದಿಲ್ಲ. ಅಲ್ಲಿರುವ ಫೈಲುಗಳ ಗಾತ್ರ ಸೊನ್ನೆ. ಅವನ್ನು ಅಸಲಿ ಫೈಲುಗಳ ಮೇಲೆ ಹಾಕಿದರೆ ಉಳಿದಿದ್ದ ರಿಜಿಸ್ಟ್ರಿಯೂ ಹೋಗುತ್ತದೆ.

ಡಿಸ್ಕ್ ಸಾಯುತ್ತಿದೆಯೇ, ರ್‍ಯಾಮ್ ಕೆಟ್ಟಿದೆಯೇ

ನಕಲು ಮಾಡುವಾಗ ಕೆಲವೇ ಫೈಲುಗಳಲ್ಲಿ ನಿಮಿಷಗಟ್ಟಲೆ ನಿಲ್ಲುವುದು, ಚುಕ್ಕಿಗಳು ತಡವರಿಸಿ ತಡವರಿಸಿ ಸುತ್ತುವುದು, ಒಮ್ಮೆ ಬಯೋಸ್‌ನಲ್ಲಿ ಕಂಡ ಡಿಸ್ಕ್ ಇನ್ನೊಮ್ಮೆ ಕಾಣದಿರುವುದು: ಇವು ಡಿಸ್ಕ್ ಹೋಗುತ್ತಿರುವ ಲಕ್ಷಣಗಳು. ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್) ಬೂಟ್ ಮಾಡಿ ‘ಡಿಸ್ಕ್ಸ್’ ಪ್ರೋಗ್ರಾಂನಲ್ಲಿ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ, ನೋಡಿ. ಹಾರ್ಡ್‌ಡಿಸ್ಕ್‌ನಲ್ಲಿ ‘ರೀಅಲೊಕೇಟೆಡ್’ ಮತ್ತು ‘ಪೆಂಡಿಂಗ್’ ಸೆಕ್ಟರ್‌ಗಳ ಎಣಿಕೆ ಸೊನ್ನೆಗಿಂತ ಹೆಚ್ಚಿದ್ದು ಏರುತ್ತಿದ್ದರೆ ಅದನ್ನು ನಂಬಬೇಡಿ. ಅಂಥ ಡಿಸ್ಕ್‌ನ ಮೇಲೆ ಚೆಕ್‌ಡಿಸ್ಕ್, ರಿಪೇರಿ, ರಿಸೆಟ್ ಯಾವುದೂ ಬೇಡ. ಕೆಟ್ಟ ಡಿಸ್ಕ್‌ನಿಂದ ನಕಲು ತೆಗೆಯುವ ಲಿನಕ್ಸ್ ಕಮಾಂಡ್ ಡಿಡಿರೆಸ್ಕ್ಯೂ ಬಳಸಿ ಅದೇ ಗಾತ್ರದ ಅಥವಾ ದೊಡ್ಡ ಡಿಸ್ಕ್‌ಗೆ ಪ್ರತಿ ಮಾಡಿ. ಅದು ಸುಲಭವಾಗಿ ಓದುವ ಭಾಗವನ್ನು ಮೊದಲು ತೆಗೆದು, ಕೆಟ್ಟ ಭಾಗಕ್ಕೆ ಕೊನೆಗೆ ಮರಳುತ್ತದೆ. ಡಿಸ್ಕ್ ಸದ್ದು ಮಾಡುತ್ತಿದ್ದು, ಅದರಲ್ಲಿರುವುದು ಮರಳಿ ಪಡೆಯಲಾಗದಂಥದ್ದಾದರೆ ಅದನ್ನೂ ಮಾಡದೆ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

ಪ್ರತಿ ಸಲವೂ ಬೇರೆ ಬೇರೆ ನೀಲಿ ಪರದೆಯ ಕೋಡ್ ಬಂದರೆ ರ್‍ಯಾಮ್ ಮೇಲೆ ಸಂಶಯಪಡಿ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿ, ನಾಲ್ಕು ಸುತ್ತು ಪೂರ್ತಿಯಾಗಲಿ. ಒಂದೇ ಒಂದು ದೋಷ ಬಂದರೂ ರ್‍ಯಾಮ್ ಫೇಲ್ ಎಂದೇ ಲೆಕ್ಕ, ‘ಒಂದು ತಾನೆ’ ಎನ್ನುವಂತಿಲ್ಲ.

ಲಾಗಿನ್ ಆದ ಮೇಲೆ ಕಪ್ಪು ಪರದೆ, ಮೌಸ್ ಬಾಣ ಮಾತ್ರ

ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಹೊಸ ಟಾಸ್ಕ್ ಓಡಿಸುವಲ್ಲಿ ‘ಎಕ್ಸ್‌ಪ್ಲೋರರ್’ ಎಂದು ಟೈಪ್ ಮಾಡಿದಾಗ ಡೆಸ್ಕ್‌ಟಾಪ್ ಬಂದರೆ ಸ್ಟಾರ್ಟಪ್ ಪ್ರೋಗ್ರಾಂ ಯಾವುದೋ ಅಡ್ಡ ನಿಂತಿದೆ. ಬರದಿದ್ದರೆ ಸೇಫ್ ಮೋಡ್‌ನಲ್ಲಿ ಇನ್ನೊಂದು ಬಳಕೆದಾರ ಖಾತೆ ಸೃಷ್ಟಿಸಿ ಪ್ರಯತ್ನಿಸಿ. ಹೊಸ ಖಾತೆ ಸರಾಗವಾಗಿ ತೆರೆದರೆ ಹಳೆಯ ಪ್ರೊಫೈಲ್ ಹಾಳಾಗಿದೆ. ಫೈಲುಗಳನ್ನು ಹೊಸದಕ್ಕೆ ಸಾಗಿಸುವುದೇ ಸುಲಭ.

ಲಿನಕ್ಸ್ ಮತ್ತು ಮ್ಯಾಕ್

ಲಿನಕ್ಸ್‌ನಲ್ಲಿ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಇ ಒತ್ತಿ, ‘ಕ್ವೈಟ್ ಸ್ಪ್ಲಾಶ್’ ಪದಗಳನ್ನು ಅಳಿಸಿ, ಎಫ್10 ಒತ್ತಿದರೆ ಲೋಗೋ ಬದಲು ಸಾಲು ಸಾಲು ಸಂದೇಶಗಳು ಕಾಣುತ್ತವೆ, ಎಲ್ಲಿ ನಿಂತಿತೆಂಬುದು ಕಣ್ಣೆದುರೇ ಇರುತ್ತದೆ. ಡಿಸ್‌ಪ್ಲೇ ಡ್ರೈವರ್ ಕಾರಣವಾದರೆ ಅದೇ ಸಾಲಿಗೆ ‘ನೋಮೋಡ್‌ಸೆಟ್’ ಸೇರಿಸಿ. ‘ಎಮರ್ಜೆನ್ಸಿ ಮೋಡ್’ ಬಂದರೆ ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲ್ ನೋಡಿ. ಈಗ ಇಲ್ಲದ ಡಿಸ್ಕ್‌ನ ಹೆಸರು ಅಲ್ಲಿ ಉಳಿದಿರುವುದು ಸಾಮಾನ್ಯ ಕಾರಣ. ಹೊರ ಡಿಸ್ಕ್‌ನ ಸಾಲಿಗೆ ‘ನೋಫೇಲ್’ ಸೇರಿಸಿಟ್ಟರೆ ಅದು ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ.

ಆ್ಯಪಲ್ ಚಿಪ್‌ನ ಮ್ಯಾಕ್‌ನಲ್ಲಿ ಸ್ಟಾರ್ಟಪ್ ಆಯ್ಕೆಗಳು ಬರುವವರೆಗೆ ಪವರ್ ಬಟನ್ ಒತ್ತಿ ಹಿಡಿದು, ಡಿಸ್ಕ್ ಆರಿಸಿ, ಶಿಫ್ಟ್ ಒತ್ತಿಕೊಂಡು ಮುಂದುವರಿದರೆ ಸೇಫ್ ಮೋಡ್. ಇಂಟೆಲ್ ಮ್ಯಾಕ್‌ನಲ್ಲಿ ಆನ್ ಮಾಡುವಾಗಲೇ ಶಿಫ್ಟ್ ಹಿಡಿಯಿರಿ. ಕಮಾಂಡ್ ಮತ್ತು ಆರ್ ಹಿಡಿದರೆ ರಿಕವರಿ, ಅಲ್ಲಿ ಡಿಸ್ಕ್ ಯುಟಿಲಿಟಿಯ ‘ಫಸ್ಟ್ ಏಡ್’.

ಕೊನೆಗೂ ರಿಸೆಟ್ ಮಾಡಲೇಬೇಕಾದರೆ

‘ರಿಸೆಟ್ ದಿಸ್ ಪಿಸಿ’ಯಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿದರೆ ದಾಖಲೆಗಳು ಉಳಿಯುತ್ತವೆ, ಹಾಕಿದ ಪ್ರೋಗ್ರಾಂಗಳೆಲ್ಲ ಹೋಗುತ್ತವೆ. ಸಿಸ್ಟಮ್ ಫೈಲುಗಳೇ ಹಾಳಾಗಿದ್ದರೆ ‘ಕ್ಲೌಡ್ ಡೌನ್‌ಲೋಡ್’ ಆರಿಸಿ. ಸುಮಾರು 4 ಜಿಬಿ ಇಂಟರ್ನೆಟ್ ಬೇಕು, ಆದರೆ ಕೆಟ್ಟ ಫೈಲುಗಳಿಂದಲೇ ಮತ್ತೆ ಕಟ್ಟುವ ಅಪಾಯ ಇರುವುದಿಲ್ಲ. ಪೆನ್‌ಡ್ರೈವ್‌ನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಪಟ್ಟಿಯಲ್ಲಿ ಕಾಣದಿದ್ದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. 11ನೇ ತಲೆಮಾರಿನ ಹಾಗೂ ನಂತರದ ಇಂಟೆಲ್ ಯಂತ್ರಗಳಲ್ಲಿ ಎಷ್ಟೋ ಸಲ ವಿಎಂಡಿ ಡ್ರೈವರ್ ಬೇಕಾಗುತ್ತದೆ. ಲ್ಯಾಪ್‌ಟಾಪ್ ತಯಾರಕರ ಸೈಟ್‌ನಿಂದ ತಂದು, ಬಿಚ್ಚಿ, ಅದೇ ಪೆನ್‌ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿಟ್ಟು ‘ಲೋಡ್ ಡ್ರೈವರ್’ ಒತ್ತಿ ತೋರಿಸಿ.

ಹೊಸ ವಿಂಡೋಸ್ ಹಾಕಿದ ಮೇಲೂ ಅದೇ ಜಾಗದಲ್ಲಿ ನಿಂತರೆ ಮೂರನೇ ಸಲ ಇನ್‌ಸ್ಟಾಲ್ ಮಾಡಬೇಡಿ. ಡಿಸ್ಕ್ ಅನ್ನು ಕಳಚಿ ಪಕ್ಕಕ್ಕಿಟ್ಟು, ಲೈವ್ ಪೆನ್‌ಡ್ರೈವ್‌ನಿಂದ ಒಂದು ಗಂಟೆ ಓಡಿಸಿ. ಆಗ ಸರಿಯಾಗಿ ನಡೆದರೆ ಡಿಸ್ಕ್ ಬದಲಾಯಿಸಿ. ಆಗಲೂ ಹ್ಯಾಂಗ್ ಆದರೆ, ರ್‍ಯಾಮ್ ಪರೀಕ್ಷೆಯಲ್ಲಿ ಪಾಸಾಗಿದ್ದರೆ, ಉಳಿಯುವುದು ಮದರ್‌ಬೋರ್ಡ್.